ಕಾಲಿನ ಗುಳ್ಳೆ, ಅಂಚೆಯ ಪಾಸ್‌ಬುಕ್: ತುಮಕೂರಿನ ನಿವೃತ್ತ ಕುಟುಂಬವೊಂದರ ಪ್ರಕರಣ

ಈ ಬರಹದಲ್ಲಿ ಬರುವ ದಂಪತಿಯನ್ನು ಗಂಗಣ್ಣ, ಜಯಮ್ಮ ಎಂದು ಕರೆಯುತ್ತೇನೆ. ಅವು ಅವರ ನಿಜವಾದ ಹೆಸರುಗಳಲ್ಲ. ಕಾರ್ಖಾನೆ, ಬಡಾವಣೆ, ಆಸ್ಪತ್ರೆ, ಸಹಕಾರ ಸಂಘ ಯಾವುದರ ಗುರುತನ್ನೂ ಕೊಟ್ಟಿಲ್ಲ. ಮೊತ್ತಗಳನ್ನು ಅಲ್ಪಸ್ವಲ್ಪ ಹಿಂದೆಮುಂದೆ ಮಾಡಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ‘ನನ್ನ ಹಾಗೆ ಇನ್ನೊಬ್ಬಳು ಕೊರಳಿನ ಸರ ಬಿಚ್ಚುವುದು ಬೇಡ, ಬರೆಯಿರಿ ಅಕ್ಕ’ ಎಂದು ಜಯಮ್ಮನೇ ಹೇಳಿದರು.

ನಾನು ಬ್ಯಾಂಕ್ ಕೆಲಸದಿಂದ ನಿವೃತ್ತಳಾದವಳು. ತುಮಕೂರಿನ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಒಬ್ಬಿಬ್ಬರಾದರೂ ಕಾಗದಪತ್ರ ಹಿಡಿದು ಬರುತ್ತಾರೆ. ಭವಿಷ್ಯ ನಿಧಿಯ ಅರ್ಜಿ ತುಂಬಿಸುವುದು, ನಾಮನಿರ್ದೇಶನ ಸರಿಯಿದೆಯೇ ಎಂದು ನೋಡುವುದು, ಠೇವಣಿ ಎಲ್ಲಿಟ್ಟರೆ ಕ್ಷೇಮ ಎಂದು ಹೇಳುವುದು ನನ್ನ ಕೈಲಾಗುವ ಕೆಲಸ. ಗಂಗಣ್ಣನವರೂ ಹಾಗೆಯೇ ಬಂದವರು.

ಹಿನ್ನೆಲೆ

ನಗರದ ಹೊರವಲಯದ ಒಂದು ಖಾಸಗಿ ಕಾರ್ಖಾನೆಯಲ್ಲಿ 31 ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದ ಗಂಗಣ್ಣ, 2023ರ ಮೇ 31ರಂದು 58 ತುಂಬಿ ನಿವೃತ್ತರಾದರು. ಸ್ವಂತ ಮನೆ ಇತ್ತು. ಮಗಳ ಮದುವೆಯಾಗಿತ್ತು. ಮಗ ಬೆಂಗಳೂರಿನಲ್ಲಿ ಸಣ್ಣ ಕೆಲಸದಲ್ಲಿದ್ದ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗಿದರೆ ಮುಗಿಯಿತು ಎಂಬಂತೆ ಅದರ ಜೊತೆ ಬದುಕಿದ್ದರು.

ಕೈಗೆ ಬಂದ ಇಡುಗಂಟು ಸುಮಾರು 22 ಲಕ್ಷ 70 ಸಾವಿರ. ಭವಿಷ್ಯ ನಿಧಿಯದು 18 ಲಕ್ಷ 40 ಸಾವಿರ, ಉಳಿದದ್ದು ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳಿಗೆ ತಕ್ಕಂತೆ ಕಾರ್ಖಾನೆ ಕೊಡುವ ಹಣ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 24 ಸಾವಿರ ಇತ್ತು. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ 31 ವರ್ಷಗಳಿಂದ ಗುಣಿಸಿದರೆ 4 ಲಕ್ಷ 29 ಸಾವಿರ. ಕಾರ್ಖಾನೆಯವರು ಕೊಟ್ಟ ಚೀಟಿಯ ಲೆಕ್ಕ ಸರಿಯಾಗಿತ್ತು. ಈ ಸೂತ್ರ ಗೊತ್ತಿಲ್ಲದೆ ಕೊಟ್ಟಷ್ಟನ್ನು ಪಡೆದು ಸಹಿ ಮಾಡಿ ಬರುವವರನ್ನು ಬೇಕಾದಷ್ಟು ನೋಡಿದ್ದೇನೆ.

ನೌಕರರ ಪಿಂಚಣಿ ಯೋಜನೆಯಿಂದ ಸಿಗುವುದು ತಿಂಗಳಿಗೆ 3,900 ರೂಪಾಯಿ. 31 ವರ್ಷ ದುಡಿದವರಿಗೆ ಇಷ್ಟೇ ಏಕೆ ಎಂದು ಗಂಗಣ್ಣ ಮೂರು ಬಾರಿ ಕೇಳಿದರು. ಈ ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ ಮಿತಿಯಿದೆ. 2014ರ ಸೆಪ್ಟೆಂಬರ್‌ನಿಂದ ಅದು 15 ಸಾವಿರ, ಅದಕ್ಕೂ ಹಿಂದೆ 6,500 ಇತ್ತು. ಸರ್ಕಾರಿ ಪಿಂಚಣಿಯ ಹಾಗೆ ಇದಕ್ಕೆ ತುಟ್ಟಿಭತ್ಯೆ ಏರುವುದೂ ಇಲ್ಲ. ಹೇಳುವಾಗ ನನಗೇ ಸಂಕಟವಾಯಿತು.

ಕೈತಪ್ಪಿದ ಒಂದು ತಿಂಗಳು

ಜೂನ್ ಮೂರನೆಯ ವಾರ ಮೊದಲ ಬಾರಿ ಬಂದಾಗ ಅಂಚೆ ಕಚೇರಿಯಲ್ಲಿ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ವಿಷಯ ಹೇಳಿದ್ದೆ. ಅದಕ್ಕೆ 60 ತುಂಬಿರಬೇಕು. ಆದರೆ ಕೆಲಸದಿಂದ ನಿವೃತ್ತರಾದವರು 55 ದಾಟಿದ್ದರೆ ತಮಗೆ ಬಂದ ನಿವೃತ್ತಿ ಹಣವನ್ನು ಅದರಲ್ಲಿ ಇಡಬಹುದು. ಆಗ ಬಡ್ಡಿ ಶೇ 8.2, ಆ ವರ್ಷದ ಏಪ್ರಿಲ್‌ನಿಂದಷ್ಟೇ ಠೇವಣಿಯ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ದರು. ಒಂದು ಷರತ್ತಿತ್ತು: ಹಣ ಕೈಗೆ ಬಂದ ಒಂದು ತಿಂಗಳೊಳಗೆ ಖಾತೆ ತೆರೆಯಬೇಕು.

ಆ ಷರತ್ತನ್ನು ಹತ್ತು ಮಾತುಗಳ ನಡುವೆ ಒಂದಾಗಿ ಹೇಳಿದೆ. ಚೀಟಿಯಲ್ಲಿ ಬರೆದು ಕೈಗೆ ಕೊಡಲಿಲ್ಲ. ಅದು ನನ್ನ ತಪ್ಪು. ಈಗ ಯಾರೇ ಬರಲಿ, ಗಡುವುಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ.

ಜೂನ್ ಕೊನೆಯ ವಾರ ಭವಿಷ್ಯ ನಿಧಿಯ ಹಣ ಜಮೆಯಾಯಿತು. ಅದರ ಹಿಂದೆಯೇ ಮನೆಗೆ ಜನರೂ ಬಂದರು. ಮಗನಿಗೆ ನಿವೇಶನಕ್ಕೆ ಮುಂಗಡ ಕೊಡಬೇಕಿತ್ತು. ಪಕ್ಕದ ಬೀದಿಯ ಪರಿಚಿತರೊಬ್ಬರು ತಾವು ನಿರ್ದೇಶಕರಾಗಿದ್ದ ಪತ್ತಿನ ಸಹಕಾರ ಸಂಘದಲ್ಲಿ ಶೇ 12 ಬಡ್ಡಿ ಎಂದು ಮನೆಗೇ ಅರ್ಜಿ ತಂದರು. ಮಾಳಿಗೆ ಸೋರುತ್ತಿತ್ತು. ಕಾಶಿಗೆ ಹೋಗಿಬರುವ ಹರಕೆಯೂ ಇತ್ತು. ಗಂಗಣ್ಣ ಅಂಚೆ ಕಚೇರಿಗೆ ಹೋಗುವ ಹೊತ್ತಿಗೆ ಆಗಸ್ಟ್ 9 ಆಗಿತ್ತು. ‘ಒಂದು ತಿಂಗಳು ದಾಟಿದೆ, ಇನ್ನು 60 ತುಂಬಿದ ಮೇಲೆಯೇ’ ಎಂದರು ಕೌಂಟರಿನಲ್ಲಿದ್ದವರು. ಅವರು ಹೇಳಿದ್ದು ನಿಯಮದ ಪ್ರಕಾರವೇ ಇತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಆ ಗಡುವನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಈಗಿನ ನಿಯಮದಲ್ಲಾದರೆ ಅವರ ಆಗಸ್ಟ್ 9 ಗಡುವಿನ ಒಳಗೇ ಬೀಳುತ್ತಿತ್ತು.

ಇನ್ನೊಂದು ದಾರಿಯೂ ಇತ್ತು. ನಿವೃತ್ತಿಯಾದ ಕೂಡಲೇ ಭವಿಷ್ಯ ನಿಧಿಯ ಹಣವನ್ನು ಹೊರಗೆ ತೆಗೆಯಲೇಬೇಕೆಂದಿಲ್ಲ. ಮೂರು ವರ್ಷದವರೆಗೆ ಅಲ್ಲಿಯೇ ಬಿಟ್ಟರೂ ಬಡ್ಡಿ ಬರುತ್ತದೆ. ಆ ಬಡ್ಡಿಗೆ ತೆರಿಗೆ ಇದೆ, ಅಷ್ಟೇ. ಹಣ ಕೈಗೆ ಬಂದ ದಿನದಿಂದ ತಾನೇ ಗಡುವಿನ ಎಣಿಕೆ ಶುರುವಾಗುವುದು? ಮನಸ್ಸು ಗಟ್ಟಿಯಾಗುವವರೆಗೆ ಅದನ್ನು ಮುಟ್ಟದೇ ಇದ್ದಿದ್ದರೆ, ಮನೆಗೆ ಬಂದವರಿಗೂ ‘ಇನ್ನೂ ಬಂದಿಲ್ಲ’ ಎಂದು ಸುಳ್ಳಿಲ್ಲದೆ ಹೇಳಬಹುದಿತ್ತು.

ಹಣ ಹಂಚಿಹೋದ ಬಗೆ ಹೀಗಿತ್ತು. ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿ ಹೆಸರಿನಲ್ಲಿ 12 ಲಕ್ಷ, ಶೇ 7.4ರಂತೆ ತಿಂಗಳಿಗೆ 7,400. ಸಂಘದಲ್ಲಿ 6 ಲಕ್ಷ, ತಿಂಗಳಿಗೆ 6 ಸಾವಿರ. ಮಗನಿಗೆ 3 ಲಕ್ಷ. ಮಾಳಿಗೆ ಮತ್ತು ಕಾಶಿಗೆ 1 ಲಕ್ಷ 20 ಸಾವಿರ. ಉಳಿತಾಯ ಖಾತೆಯಲ್ಲಿ ಉಳಿದದ್ದು 50 ಸಾವಿರ. ಪಿಂಚಣಿ ಸೇರಿಸಿದರೆ ತಿಂಗಳಿಗೆ 17,300 ರೂಪಾಯಿ ಬರುವಂತಾಯಿತು. ಲೆಕ್ಕ ಚೆನ್ನಾಗಿಯೇ ಕಾಣುತ್ತಿತ್ತು. ಸಂಘದ ವಿಷಯ ತಿಳಿದು ನಾನು ಒಂದೇ ಮಾತು ಕೇಳಿದ್ದೆ: ‘ಅದಕ್ಕೆ ಠೇವಣಿ ವಿಮೆ ಇದೆಯೇ?’ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇರುತ್ತದೆ, ಸಹಕಾರಿ ಬ್ಯಾಂಕಿನದಕ್ಕೂ ಉಂಟು. ಪತ್ತಿನ ಸಂಘಗಳು ಬ್ಯಾಂಕಲ್ಲ. ಅವುಗಳ ಠೇವಣಿಗೆ ಆ ರಕ್ಷಣೆ ಇಲ್ಲ. ‘ಗುರುತಿನವರು ಮೇಡಂ, ದಿನಾ ಮುಖ ನೋಡುತ್ತೇವೆ’ ಎಂದರು ಗಂಗಣ್ಣ.

ನಡಿಗೆಯಿಂದ ಬಂದ ಗಾಯ

ಕೆಲಸ ಬಿಟ್ಟ ಮೇಲೆ ಆರೋಗ್ಯ ನೋಡಿಕೊಳ್ಳಬೇಕು ಎಂಬ ಆಸೆ ಅವರಿಗೆ ಪ್ರಾಮಾಣಿಕವಾಗಿಯೇ ಇತ್ತು. ನಸುಕಿನಲ್ಲಿ ಎದ್ದು ಅಮಾನಿಕೆರೆಯ ಸುತ್ತ ನಡೆಯತೊಡಗಿದರು. ಮೊದಲು ಅರ್ಧ ಗಂಟೆ, ಆಮೇಲೆ ಒಂದೂವರೆ ಗಂಟೆ. ಕಾಲಿಗೆ ಹಳೆಯ ರಬ್ಬರ್ ಚಪ್ಪಲಿ. ‘ಇಷ್ಟು ನಡೆಯುತ್ತೇನಲ್ಲ’ ಎಂದುಕೊಂಡು ಎರಡು ಬಗೆಯ ಮಾತ್ರೆಗಳಲ್ಲಿ ದುಬಾರಿಯಾದ ಒಂದನ್ನು ತಾವೇ ನಿಲ್ಲಿಸಿದರು. ರಾತ್ರಿಯ ಅನ್ನ ಬಿಟ್ಟು ಎರಡು ಮುದ್ದೆ ಮಾಡಿಕೊಂಡರು; ರಾಗಿ ತಿಂದವನಿಗೆ ಸಕ್ಕರೆ ಏರುವುದಿಲ್ಲ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ.

2024ರ ಫೆಬ್ರುವರಿಯ ಒಂದು ಸಂಜೆ ಅಂಗಳ ಒರೆಸುತ್ತಿದ್ದ ಜಯಮ್ಮ, ಗಂಡ ನಡೆದುಹೋದಲ್ಲೆಲ್ಲ ಒಂದೊಂದು ಹೆಜ್ಜೆ ಬಿಟ್ಟು ಒದ್ದೆ ಕಲೆ ಬಿದ್ದಿರುವುದನ್ನು ಕಂಡರು. ನೀರಿರಬೇಕೆಂದು ಒರೆಸಿದರೆ ಬಟ್ಟೆಗೆ ಕೆಂಪು ಹತ್ತಿತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಗುಳ್ಳೆ ಒಡೆದು, ಸುತ್ತಲಿನ ಚರ್ಮ ಬೆಳ್ಳಗೆ ನೆನೆದಂತಾಗಿತ್ತು. ‘ನೋವಿಲ್ಲವೇ?’ ಎಂದರೆ ‘ಎಲ್ಲಿ?’ ಎಂದು ಅವರೇ ತಿರುಗಿ ಕೇಳಿದರಂತೆ. ಎಷ್ಟು ದಿನದಿಂದ ಹಾಗಿತ್ತೋ ಯಾರಿಗೂ ತಿಳಿಯದು.

ನೋವಿಲ್ಲದ ಗಾಯವೇ ಇಲ್ಲಿ ಅಪಾಯದ ಗುರುತು. ಸಕ್ಕರೆ ಬಹುಕಾಲ ಹತೋಟಿ ತಪ್ಪಿದ್ದರೆ ಪಾದದ ನರಗಳು ಜೋಮುಗಟ್ಟುತ್ತವೆ. ಚಪ್ಪಲಿಯ ಅಂಚು ಉಜ್ಜಿದರೂ ಮುಳ್ಳು ಚುಚ್ಚಿದರೂ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಒಂದು ನೈಲಾನ್ ಎಳೆಯನ್ನು ಪಾದದ ಹಲವು ಕಡೆ ಒತ್ತಿ, ತಾಗಿದಾಗ ಹೇಳುವಂತೆ ಸೂಚಿಸಿದರು. ಕಣ್ಣು ಮುಚ್ಚಿ ಮಲಗಿದ್ದ ಗಂಗಣ್ಣ, ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡು ಕಾಯುತ್ತಲೇ ಇದ್ದರಂತೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 9.8 ಇತ್ತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಒಂಬತ್ತು ವರ್ಷಗಳಲ್ಲಿ ಈ ಪರೀಕ್ಷೆಯನ್ನು ಅವರು ಮಾಡಿಸಿದ್ದು ಅದೇ ಮೊದಲು.

ಸರ ಬಿಚ್ಚಿದ ದಿನ

ಸೋಂಕು ಒಳಗೆ ಇಳಿದಿತ್ತು. ಸತ್ತ ಮಾಂಸ ತೆಗೆದು ಎಂಟು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಬಿಲ್ಲು, ಔಷಧಿ ಸೇರಿ 71 ಸಾವಿರ. ಆರೋಗ್ಯ ವಿಮೆ ಇರಲಿಲ್ಲ. ಕಾರ್ಖಾನೆಯಲ್ಲಿದ್ದಾಗಲೇ ಸಂಬಳ 21 ಸಾವಿರದ ಮಿತಿ ದಾಟಿದ್ದರಿಂದ ನೌಕರರ ರಾಜ್ಯ ವಿಮೆಯೂ (ಇಎಸ್‌ಐ) ಕೈಬಿಟ್ಟಿತ್ತು. ಉಳಿತಾಯ ಖಾತೆಯಲ್ಲಿದ್ದದ್ದು 14 ಸಾವಿರ.

ಮಾಸಿಕ ಆದಾಯ ಖಾತೆಯ 12 ಲಕ್ಷವನ್ನು ಒಂದು ವರ್ಷ ತುಂಬುವ ಮೊದಲು ಮುಟ್ಟುವಂತಿಲ್ಲ. ಆಗ ಆರು ತಿಂಗಳಷ್ಟೇ ಕಳೆದಿತ್ತು. ಸಂಘದವರು ಮೂರು ತಿಂಗಳ ನೋಟಿಸ್ ಕೊಡಿ ಎಂದರು. ಅಷ್ಟೇ ಅಲ್ಲ, ಜನವರಿಯ ಬಡ್ಡಿಯೇ ಇನ್ನೂ ಬಂದಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಮಗನ 3 ಲಕ್ಷ ನಿವೇಶನದಲ್ಲಿ ಕೂತಿತ್ತು. 18 ಲಕ್ಷ ಇಟ್ಟಿದ್ದ ಮನೆಯಲ್ಲಿ 57 ಸಾವಿರ ಹುಟ್ಟಲಿಲ್ಲ.

ಜಯಮ್ಮ ಯಾರಿಗೂ ಹೇಳದೆ ತಮ್ಮ ಎರಡೆಳೆ ಸರವನ್ನು ಅಡವಿಟ್ಟು 60 ಸಾವಿರ ತಂದರು. ಮಾರನೆಯ ಭಾನುವಾರ ನಮ್ಮ ಮನೆಗೆ ಬಂದಾಗ ಸೆರಗನ್ನು ಕೊರಳು ಮುಚ್ಚುವಂತೆ ಹೊದ್ದಿದ್ದರು. ಕೂತ ಮೇಲೆ ಸೆರಗು ಸರಿಸಿ, ಅಡವಿನ ಚೀಟಿಯನ್ನು ಮೇಜಿನ ಮೇಲಿಟ್ಟು, ‘ಇದಕ್ಕೆ ಬಡ್ಡಿ ಎಷ್ಟು ಬೀಳುತ್ತದೆ ಅಕ್ಕ, ಸ್ವಲ್ಪ ನೋಡಿ’ ಎಂದರು. ಅದುವರೆಗೆ ನಾನು ಗಂಗಣ್ಣನವರೊಡನೆ ನಾಲ್ಕು ಬಾರಿ ಮಾತನಾಡಿದ್ದೆ. ಒಮ್ಮೆಯೂ ‘ನಿಮ್ಮ ಮನೆಯವರನ್ನೂ ಕರೆತನ್ನಿ’ ಎಂದಿರಲಿಲ್ಲ.

ಚೀಟಿಯ ಜೊತೆಗೆ ಅವರು ತಂದಿದ್ದ ಚೀಲದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಹಾಲು, ರೇಷನ್, ಗ್ಯಾಸು, ಮಾತ್ರೆ, ಮುಯ್ಯಿ, ಎಲ್ಲವನ್ನೂ ವರ್ಷಗಳಿಂದ ಬರೆದಿಟ್ಟಿದ್ದರು. ಗಂಡನಿಗೆ ಅಂದಾಜು ಮಾತ್ರ ಇದ್ದ ಮನೆಯ ಖರ್ಚು ಹೆಂಡತಿಗೆ ರೂಪಾಯಿವರೆಗೆ ಗೊತ್ತಿತ್ತು: ತಿಂಗಳಿಗೆ 15,800. ಅದರಲ್ಲಿ ಔಷಧಿಗೇ 2,300. ಮದುವೆಗಳಿದ್ದ ಒಂದು ತಿಂಗಳು ಮುಯ್ಯಿಗೆ 2,400. ಇಡುಗಂಟನ್ನು ಹಂಚುವ ದಿನ ಈ ಪುಸ್ತಕ ಮೇಜಿನ ಮೇಲಿದ್ದಿದ್ದರೆ, ಮೂರು ತಿಂಗಳ ಖರ್ಚು ಮತ್ತು ಒಂದು ಆಸ್ಪತ್ರೆಯ ಬಿಲ್ಲಿಗಾಗುವಷ್ಟು ಹಣ ಕೈಗೆಟಕುವ ಕಡೆ ಇರಲಿ ಎಂದು ಮೊದಲು ಹೇಳುತ್ತಿದ್ದವರು ಜಯಮ್ಮನೇ ಎಂದು ನನಗೆ ಖಾತ್ರಿಯಾಗಿದೆ.

ಆಮೇಲೆ ಮಾಡಿದ್ದು

ಅಂದೇ ಸಂಘಕ್ಕೆ ಲಿಖಿತ ನೋಟಿಸ್ ಸಿದ್ಧಪಡಿಸಿದೆವು. ಗುರುತಿನವರಿಗೆ ನೋಟಿಸ್ ಕೊಡುವುದು ಹೇಗೆ ಎಂದು ಗಂಗಣ್ಣ ಎರಡು ವಾರ ತಡೆದರು. ಆ ಎರಡು ವಾರದಲ್ಲಿ ಫೆಬ್ರುವರಿಯ ಬಡ್ಡಿಯೂ ಬಾರದಿದ್ದಾಗ ತಾವೇ ಹೋಗಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದರು. ಮೂರು ತಿಂಗಳಾದರೂ ಹಣ ಬಾರದಿದ್ದಾಗ ಸಹಕಾರ ಸಂಘಗಳ ಉಪ ನಿಬಂಧಕರಿಗೆ ದೂರು ಕೊಟ್ಟರು. ಅದಾದ ಮೇಲೆ ಕಂತುಕಂತಾಗಿ ಬರತೊಡಗಿತು. ಒಟ್ಟು 4 ಲಕ್ಷ 60 ಸಾವಿರ ಬಂದಿದೆ, 1 ಲಕ್ಷ 40 ಸಾವಿರ ಇನ್ನೂ ಬರಬೇಕು. ನಂತರ ದೂರು ಕೊಟ್ಟವರಿಗೆ ಇಷ್ಟೂ ದಕ್ಕಿಲ್ಲ.

ಬಂದ ಕಂತುಗಳನ್ನು ಎಲ್ಲಿಡಬೇಕು ಎಂಬುದನ್ನು ಈ ಬಾರಿ ಇಬ್ಬರೂ ಕೂತು ತೀರ್ಮಾನಿಸಿದರು. ಮೊದಲ 60 ಸಾವಿರದಲ್ಲಿ ಸರ ಬಿಡಿಸಿಕೊಂಡರು. ಆಮೇಲಿನ ಒಂದೂವರೆ ಲಕ್ಷವನ್ನು ಬ್ಯಾಂಕಿನಲ್ಲಿ 50 ಸಾವಿರದ ಮೂರು ಠೇವಣಿಗಳಾಗಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ ಇಟ್ಟರು. ಒಂದೇ ದೊಡ್ಡ ಠೇವಣಿಯಾದರೆ ಹತ್ತು ಸಾವಿರದ ಅಗತ್ಯಕ್ಕೂ ಪೂರ್ತಿ ಮುರಿಯಬೇಕಾಗುತ್ತದೆ. ಉಳಿದ ಎರಡೂವರೆ ಲಕ್ಷ, 2025ರ ಮೇಯಲ್ಲಿ ಗಂಗಣ್ಣನವರಿಗೆ 60 ತುಂಬಿದ ಮೇಲೆ ಹಿರಿಯ ನಾಗರಿಕರ ಯೋಜನೆಗೆ ಹೋಯಿತು. ಮೂರು ತಿಂಗಳಿಗೊಮ್ಮೆ 5,125 ರೂಪಾಯಿ ಬರುತ್ತದೆ.

ಆಗ ಗಂಗಣ್ಣನವರಿಗೆ ಮತ್ತೊಂದು ಆತುರ ಹತ್ತಿತು. ಮಾಸಿಕ ಆದಾಯದ 12 ಲಕ್ಷವನ್ನೂ ಮುರಿದು ಶೇ 8.2ಕ್ಕೆ ಹಾಕಿದರೆ? ಲೆಕ್ಕ ಹಾಕಿ ನೋಡಿದೆವು. ಮೂರು ವರ್ಷ ತುಂಬುವ ಮೊದಲು ಮುರಿದರೆ ಅಸಲಿನಲ್ಲಿ ಶೇ 2, ಅಂದರೆ 24 ಸಾವಿರ ಕಡಿತ. ಹೆಚ್ಚು ಸಿಗುವುದು ವರ್ಷಕ್ಕೆ 9,600. ಖಾತೆಯ ಅವಧಿ ಮುಗಿಯಲು ಉಳಿದಿದ್ದ ಮೂರು ವರ್ಷ ಚಿಲ್ಲರೆಗೆ ಸುಮಾರು 30 ಸಾವಿರ. ಆರು ಸಾವಿರದ ಆಸೆಗೆ ಅಷ್ಟೂ ಹಣವನ್ನು ಹೊಸದಾಗಿ ಐದು ವರ್ಷಕ್ಕೆ ಕಟ್ಟಿಹಾಕಬೇಕು. ಜಯಮ್ಮ ‘ಬೇಡ’ ಎಂದರು. 2026ರ ಆಗಸ್ಟ್‌ನಲ್ಲಿ ಮೂರು ವರ್ಷ ತುಂಬಿದರೆ ಕಡಿತ ಶೇ 1ಕ್ಕೆ ಇಳಿಯುತ್ತದೆ, ಆಗ ಮತ್ತೆ ಕೂತು ನೋಡುವುದು ಎಂದಾಯಿತು.

ಕಾಲು ಮಾಗಲು ಒಂಬತ್ತು ವಾರ ಹಿಡಿಯಿತು. ಆ ಒಂಬತ್ತು ವಾರವೂ ನಡಿಗೆ ಬಂದ್. ಗಾಯದ ಮೇಲೆ ಭಾರ ಬಿದ್ದರೆ ಎಷ್ಟು ಔಷಧಿ ಹಾಕಿದರೂ ಕೂಡುವುದಿಲ್ಲ ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಕುರ್ಚಿಯಲ್ಲಿ ಕೂತು ಮಾಡುವ ಕೈ ತೋಳಿನ ವ್ಯಾಯಾಮ ಮಾತ್ರ. ಮಾಗಿದ ಮೇಲೆ ಮೆತ್ತನೆಯ ಎಂಸಿಆರ್ ರಬ್ಬರ್ ಅಟ್ಟೆಯ, ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ ಬಂತು. ನಡಿಗೆ ಈಗ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ವಾರಕ್ಕೆ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಅಷ್ಟು ಸಾಕು. ಇನ್ನೆರಡು ದಿನ ಕೈಯೂರದೆ ಕುರ್ಚಿಯಿಂದ ಹತ್ತು ಹತ್ತು ಬಾರಿ ಏಳುವುದು. ವಯಸ್ಸಾದಂತೆ ಬಿದ್ದು ಮೂಳೆ ಮುರಿಯುವುದನ್ನು ತಪ್ಪಿಸಬೇಕಾದರೆ ತೊಡೆಯ ಬಲ ಉಳಿಸಿಕೊಳ್ಳಬೇಕು; ನಡಿಗೆಯೊಂದೇ ಅದನ್ನು ಕೊಡುವುದಿಲ್ಲ. ರಾತ್ರಿ ಮಲಗುವ ಮುನ್ನ ಜಯಮ್ಮ ಒಂದು ಸಣ್ಣ ಕನ್ನಡಿಯನ್ನು ಗಂಡನ ಅಂಗಾಲಿನ ಕೆಳಗೆ ಹಿಡಿಯುತ್ತಾರೆ. ಬೆರಳ ಸಂದಿಗಳನ್ನೂ ಬಿಡಿಸಿ ನೋಡುತ್ತಾರೆ. ಎರಡು ನಿಮಿಷದ ಕೆಲಸ.

ಊಟದ ವಿಷಯದಲ್ಲಿ ಜಗಳವೇ ನಡೆಯಿತು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವಿದೆ (ಕಾರ್ಬೋಹೈಡ್ರೇಟ್) ಎಂದಾಗ ಗಂಗಣ್ಣ ನಂಬಲಿಲ್ಲ. ರಾಗಿಯಲ್ಲಿ ನಾರು, ಸುಣ್ಣದಂಶ ಧಾರಾಳವಾಗಿವೆ, ಪಾಲಿಶ್ ಮಾಡಿದ ಅಕ್ಕಿಗಿಂತ ಎಷ್ಟೋ ಮೇಲು. ಆದರೆ ಎರಡು ದೊಡ್ಡ ಮುದ್ದೆ ಎರಡು ದೊಡ್ಡ ಮುದ್ದೆಯೇ. ಈಗ ಒಂದು ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪು ಕಾಳಿನ ಸಾರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ವಾರಕ್ಕೆ ಮೂರು ದಿನದಿಂದ ತಿಂಗಳಿಗೆ ಒಂದು ದಿನಕ್ಕೆ ಇಳಿಯಿತು. ಅದನ್ನು ಪೂರ್ತಿ ಬಿಡಿ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೆ ಉಳಿದದ್ದನ್ನೂ ಅವರು ಕೇಳುತ್ತಿರಲಿಲ್ಲ.

ಉಪ್ಪಿನ ಲೆಕ್ಕ ನನಗೆ ಬಹಳ ಹಿಡಿಸಿತು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಉಪ್ಪು ಎಂದರೆ ಅಡುಗೆ ಮನೆಯಲ್ಲಿ ಅಳೆಯುವುದು ಹೇಗೆ? ಜಯಮ್ಮ ಹೊಸ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯತೊಡಗಿದರು. ಇಬ್ಬರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು 100 ದಿನ ಬರಬೇಕು. ಅವರಲ್ಲಿ 38 ದಿನಕ್ಕೆ ಖಾಲಿಯಾಗಿತ್ತು, ಅಂದರೆ ಒಬ್ಬರಿಗೆ 13 ಗ್ರಾಂ. ಹಪ್ಪಳ, ಉಪ್ಪಿನಕಾಯಿಯ ಉಪ್ಪು ಅದರ ಮೇಲೆ. ಮಜ್ಜಿಗೆಗೆ, ಅನ್ನಕ್ಕೆ ಬೇರೆ ಹಾಕುವುದನ್ನು ಬಿಟ್ಟ ಮೇಲೆ ಈಗಿನ ಪೊಟ್ಟಣ 61 ದಿನ ಬಂದಿದೆ. ಗಂಗಣ್ಣನವರ ರಕ್ತದೊತ್ತಡದ ಮಾತ್ರೆ ಅರ್ಧಕ್ಕೆ ಇಳಿಯಿತು. ಈ ಬಾರಿ ಇಳಿಸಿದವರು ವೈದ್ಯರು.

ಔಷಧಿಯ ಖರ್ಚೂ ಇಳಿಯಿತು. ವೈದ್ಯರನ್ನು ಕೇಳಿ, ಅದೇ ಔಷಧಾಂಶದ ಮಾತ್ರೆಗಳನ್ನು ಜನೌಷಧಿ ಕೇಂದ್ರದಿಂದ ತರಲು ಶುರುಮಾಡಿದರು. ತಿಂಗಳಿಗೆ 2,300 ಇದ್ದದ್ದು ಸುಮಾರು 800ಕ್ಕೆ ಬಂತು. ಬಿಟ್ಟುಬಿಟ್ಟಿದ್ದ ಮಾತ್ರೆಯೂ ಇದರಲ್ಲಿ ಸೇರಿದೆ. ದುಬಾರಿ ಎಂದು ನಿಲ್ಲಿಸುವ ಮೊದಲು ‘ಇದಕ್ಕೆ ಅಗ್ಗದ್ದು ಇದೆಯೇ’ ಎಂದು ಕೇಳಿದ್ದರೆ ಸಾಕಿತ್ತು. ವರ್ಷದೊಳಗೆ ಎಚ್‌ಬಿಎ1ಸಿ 7.4ಕ್ಕೆ ಬಂದಿತು. ಕಣ್ಣಿನ ಹಿಂಪದರ, ಮೂತ್ರದ ಪ್ರೋಟೀನ್ ಪರೀಕ್ಷೆಗಳು ಈಗ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿವೆ.

ಈಗಿನ ಸ್ಥಿತಿ

ಸಂಘದ 6 ಸಾವಿರ ನಿಂತಾಗ ತಿಂಗಳ ಆದಾಯ 11,300ಕ್ಕೆ ಕುಸಿದಿತ್ತು. ಜಯಮ್ಮ ಮುಂದಿನ ಕೋಣೆಯನ್ನು ಬಟ್ಟೆ ಹೊಲಿಯುವವರಿಗೆ 3,500ಕ್ಕೆ ಬಾಡಿಗೆ ಕೊಟ್ಟರು. ಗಂಗಣ್ಣ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವಾರಕ್ಕೆ ಮೂರು ದಿನ ಹುಡುಗರಿಗೆ ಲೇತ್ ಕಲಿಸುತ್ತಾರೆ, ತಿಂಗಳಿಗೆ 6 ಸಾವಿರ. ಕೂತು ಕಲಿಸುವ ಕೆಲಸ, ಕಾಲಿಗೆ ಮುಚ್ಚಿದ ಬೂಟು. ಎಲ್ಲ ಸೇರಿ ಈಗ 22,500ರ ಆಸುಪಾಸು ಬರುತ್ತದೆ, ಖರ್ಚು 16,400. ಮಿಕ್ಕಿದ್ದರಲ್ಲಿ 3 ಸಾವಿರ ಆವರ್ತ ಠೇವಣಿಗೆ ಹೋಗುತ್ತದೆ. ಅದನ್ನು ನಿಲ್ಲಿಸಬಾರದು ಎಂದು ನಾನು ಹಟ ಹಿಡಿದಿದ್ದೇನೆ. ಅಂಚೆಯ 7,400 ಮತ್ತು ಪಿಂಚಣಿಯ 3,900 ಐದು ವರ್ಷದ ನಂತರವೂ ಅಷ್ಟೇ ಇರುತ್ತವೆ, ಹಾಲಿನ ದರ ಹಾಗಿರುವುದಿಲ್ಲ.

ಕಳೆದ ಬಾರಿ ಬಂದಾಗ ಜಯಮ್ಮ ಪುಸ್ತಕ ತೆರೆದು ತೋರಿಸಿದರು. ಎಡಗಡೆ ಹಾಲು, ತರಕಾರಿ, ಮುಯ್ಯಿ. ಬಲಗಡೆ ಹೊಸದಾಗಿ ಗೆರೆ ಎಳೆದು ಮೂರು ಅಂಕಣ ಮಾಡಿದ್ದಾರೆ: ಬೆಳಗಿನ ಸಕ್ಕರೆ, ಬಿಪಿ, ಪಾದ. ಪಾದದ ಅಂಕಣದಲ್ಲಿ ತಿಂಗಳ ಉದ್ದಕ್ಕೂ ‘ಸರಿ’ ‘ಸರಿ’ ಎಂದೇ ಇತ್ತು. ಹದಿನೇಳನೆಯ ತಾರೀಖಿನ ಮುಂದೆ ಮಾತ್ರ ‘ಕಿರುಬೆರಳ ಹತ್ತಿರ ಕೆಂಪು, ಎರಡು ದಿನ ನಡಿಗೆ ಬೇಡ’ ಎಂದು ಬರೆದು, ಹತ್ತೊಂಬತ್ತಕ್ಕೆ ಮತ್ತೆ ‘ಸರಿ’ ಹಾಕಿದ್ದರು.